ಹಸಿವಿನ ಪುಡಿಯೂ ಅಪ್ಪನ ಕೈಚೀಲವೂ

ಊಟದ ವಿಷಯದಲ್ಲಿ ನಾನು ಯಾವತ್ತೂ ನಾಚಿಕೆ ಪಟ್ಟವಳಲ್ಲ. ಮದುವೆಯಾಗಿ ಕುರುಗೋಡಿಗೆ ಬಂದ ಹೊಸತರಲ್ಲಿ ನನ್ನ ತಾಟು ಖಾಲಿಯಾಗುವ ವೇಗ ನೋಡಿ ನಮ್ಮ ಅತ್ತೆ, "ಬೀಗರು ಮಗಳ ಜತಿಗಿ ಒಂದು ಚೀಲ ಅಕ್ಕಿನೂ ಕಳಸಬೇಕಿತ್ತು ನೋಡು" ಎಂದು ಓಣಿಗೆಲ್ಲ ಕೇಳುವ ಹಾಗೆ ನಕ್ಕಿದ್ದರು. ನಾನೂ ನಕ್ಕು ಇನ್ನೊಂದು ರೊಟ್ಟಿ ಹಾಕಿಸಿಕೊಂಡಿದ್ದೆ. ಅಂಥವಳು ಸಂಶೋಧನೆಗೆಂದು ದಿನಾ ಬಳ್ಳಾರಿಗೆ ಓಡಾಡಲು ಶುರು ಮಾಡಿದಾಗ ಪಾಲಿಗೆ ಬಂದ ವಿಷಯವೂ ಹಸಿವೇ ಆಗಬೇಕೆ! ಮನುಷ್ಯರ ಹಸಿವಲ್ಲ, ಮೀನಿನ ಹಸಿವು.

ಕೇಳಲು ದೊಡ್ಡದಾಗಿ ಕಂಡರೂ ವಿಷಯ ಸುಲಭದ್ದು. ಮೀನಿನ ಮೆದುಳಿನಲ್ಲಿ ಒಂದು ಹಾರ್ಮೋನು ಹುಟ್ಟುತ್ತದೆ. ಅದು ಹೆಚ್ಚಿದಾಗ ಮೀನಿಗೆ ತಿನ್ನಬೇಕು ಅನ್ನಿಸುತ್ತದೆ. ಅದನ್ನು ಮೀನಿನಿಂದಲೇ ತೆಗೆಯಲು ಹೋದರೆ ಕೆರೆ ಖಾಲಿ ಮಾಡಿದರೂ ಚಿಟಿಕೆಯಷ್ಟು ಸಿಗುವುದಿಲ್ಲ. ಅದಕ್ಕೇ ಆ ಹಾರ್ಮೋನನ್ನು ಮಾಡುವ ಜೀನನ್ನು ಎತ್ತಿ ಬ್ಯಾಕ್ಟೀರಿಯಾದೊಳಗೆ ಸೇರಿಸುತ್ತಾರೆ. ಪಾಪ, ಆ ಬ್ಯಾಕ್ಟೀರಿಯಾ ತನಗೆ ಸಂಬಂಧವೇ ಇಲ್ಲದ ಮೀನಿನ ಹಸಿವನ್ನು ತಯಾರಿಸುತ್ತಾ ಕೂರುತ್ತದೆ. ಅದನ್ನು ಸೋಸಿ, ಶುದ್ಧ ಮಾಡಿ, ಒಣಗಿಸಿದರೆ ಬಿಳಿಯ ಪುಡಿ. ನನ್ನ ಕಿರುಬೆರಳಿಗಿಂತ ಚಿಕ್ಕದಾದ ಒಂದು ಶೀಶೆಯಲ್ಲಿ, ತಳಕ್ಕೆ ಅಂಟಿಕೊಂಡು, ಇದೆಯೋ ಇಲ್ಲವೋ ಅನ್ನುವಷ್ಟು ಇತ್ತು. ಸಂಶೋಧನೆಗೆ ಮಾತ್ರ, ಮನುಷ್ಯರು ಬಳಸತಕ್ಕದ್ದಲ್ಲ ಎಂದು ಅದರ ಮೇಲೆ ಬರೆದಿತ್ತು. ಫೋನಿನಲ್ಲಿ ತೆಗೆದ ಫೋಟೋದಲ್ಲಿ ಆ ಸಾಲನ್ನು ಓದಿ ನಮ್ಮ ಮನೆಯವರು, "ನಿನಗಂತೂ ಬೇಕಾಗಿಲ್ಲ ಬಿಡು" ಎಂದರು. ಅವತ್ತು ಸಂಜೆ ಅವರಿಗೆ ಚಹಾ ಸಿಗಲಿಲ್ಲ.

ಆ ಪುಡಿ ನಮ್ಮ ಕಡೆಯ ರೋಹು ಮೀನಿನ ಮೇಲೆ ಕೆಲಸ ಮಾಡುತ್ತದೆಯೇ, ಚುಚ್ಚಿದರೆ ಮೀನು ನಿಜವಾಗಿಯೂ ಹೆಚ್ಚು ತಿನ್ನುತ್ತದೆಯೇ ಅಂತ ನೋಡುವುದೇ ನನ್ನ ಕೆಲಸ. ಇದ್ದದ್ದು ಒಂದೇ ಶೀಶೆ. ಅದನ್ನು ಕರಗಿಸಿದ ಮೇಲೆ ಬಹಳ ದಿನ ಇಡುವ ಹಾಗಿಲ್ಲ. ಹಾಗಾಗಿ ಮೀನು ತಯಾರಾಗುವ ತನಕ ಶೀಶೆಯನ್ನು ಕೊರೆಯುವ ಫ್ರೀಜರಿನಲ್ಲಿ ಮಲಗಿಸಿದ್ದೆವು. ನಾನು ದಿನಾ ಒಂದು ಸಲ ಬಾಗಿಲು ತೆಗೆದು ನೋಡಿ ಮುಚ್ಚುತ್ತಿದ್ದೆ. ಹಾಗೆ ಪದೇಪದೇ ತೆಗೆಯಬೇಡಮ್ಮಾ ಎಂದು ಗೈಡ್ ಸರ್ ಬೈದ ಮೇಲೆ ಹೊರಗಿನಿಂದಲೇ ನೋಡಿ ಸಮಾಧಾನ ಪಡುತ್ತಿದ್ದೆ.

ಇನ್ನು ಮೀನು ಬೇಕು. ಎಲ್ಲವೂ ಒಂದೇ ವಯಸ್ಸಿನವು, ಒಂದೇ ನೀರಿನಲ್ಲಿ ಬೆಳೆದವು ಆಗಬೇಕು ಎಂದರು ಸರ್. ನಾನು ಎದೆ ಉಬ್ಬಿಸಿ, "ಸರ್, ನಮ್ಮ ಅಪ್ಪನ ಹೊಂಡ ಐತ್ರಿ" ಎಂದೆ.

ನಮ್ಮ ತವರು ಸಿರುಗುಪ್ಪ. ಗದ್ದೆಯ ಮೂಲೆಯಲ್ಲಿ ಕಾಲುವೆಯ ನೀರು ಬಸಿದು ಬಸಿದು ಒಂದಿಷ್ಟು ನೆಲ ಜವಳು ಹಿಡಿದಿತ್ತು. ಭತ್ತ ಹಾಕಿದರೆ ಬುಡ ಕೊಳೆಯುತ್ತಿತ್ತು. ನಾನು ಓದಲು ಬಳ್ಳಾರಿಯ ಹಾಸ್ಟೆಲಿಗೆ ಬಂದ ವರ್ಷ ಅಪ್ಪ ಅದನ್ನು ತೋಡಿಸಿ ಮೀನಿನ ಹೊಂಡ ಮಾಡಿದ. ಪಕ್ಕದ ಕ್ಯಾಂಪಿನಲ್ಲಿ ಬಂದು ನೆಲೆಸಿ ಗದ್ದೆ ಮಾಡುತ್ತಿದ್ದ ಆಂಧ್ರದವರು ಅವನಿಗೆ ಮೀನು ಸಾಕುವುದನ್ನು ತೆಲುಗಿನಲ್ಲಿ ಕಲಿಸಿದರು. ಅಪ್ಪ ಅದನ್ನು ಕನ್ನಡದಲ್ಲಿ ಮಾಡುತ್ತಾ ಬಂದ. ಬೆಳಿಗ್ಗೆ ಎದ್ದು ಸೊಂಟದುದ್ದ ನೀರಿಗೆ ಇಳಿದು ಮೀನಿಗೆ ಹಾಕಿ ಬಂದ ಮೇಲೆಯೇ ಅವನ ಸ್ನಾನ, ಅವನ ಊಟ. ಮಳೆ ಬಂದರೂ, ಮನೆಗೆ ನೆಂಟರು ಬಂದು ಕೂತಿದ್ದರೂ, ಜ್ವರ ಇದ್ದರೂ ಈ ಕ್ರಮ ತಪ್ಪಿದ್ದಿಲ್ಲ. ಅವು ಉಣ್ಣುವ ಮೊದಲು ಅಪ್ಪನ ಬಾಯಿಗೆ ಒಂದು ಅವಲಕ್ಕಿ ಕಾಳೂ ಹೋಗುತ್ತಿರಲಿಲ್ಲ. ಅದು ವ್ರತವಲ್ಲ, ಹರಕೆಯಲ್ಲ. ಕೇಳಿದರೆ, "ನನ್ನ ಕೈ ನೋಡ್ಕಂತ ಕುಂತಿರ್ತಾವಲ್ಲಲೇ, ನಾ ಹೆಂಗ ಉಣ್ಲಿ?" ಅನ್ನುತ್ತಿದ್ದ.

ಮೀನು ಲ್ಯಾಬಿಗೆ ಬೇಕು ಎಂದಾಗ ಅಪ್ಪನ ಸಂಭ್ರಮ ನೋಡಬೇಕಿತ್ತು. ಬಲೆಯಲ್ಲಿ ಬಂದವನ್ನೆಲ್ಲ ಒಂದೊಂದಾಗಿ ಕೈಯಲ್ಲಿ ಹಿಡಿದು, ಬೆನ್ನು ನೋಡಿ, ಕಿವಿರು ನೋಡಿ, ಹೆಣ್ಣು ನೋಡಲು ಬಂದ ಗಂಡಿನ ಕಡೆಯವರಿಗಿಂತ ಹೆಚ್ಚು ತಕರಾರು ಮಾಡಿ ಆರಿಸಿದ. ಅವ್ವ ಮೀನಿನ ಡ್ರಮ್ಮಿಗೆ ಅರಿಶಿನ ಕುಂಕುಮ ಹಚ್ಚಿಯೇ ಬಿಟ್ಟಳು. ಗೂಡ್ಸ್ ಗಾಡಿಯ ಹಿಂದೆ ಡ್ರಮ್ಮು ಹಿಡಿದುಕೊಂಡು ಅಪ್ಪನೇ ಕೂತ. ಸಿರಿಗೇರಿ ಕ್ರಾಸಿನಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಗುರುತಿನವರು ಯಾರೋ, "ಏನ್ರಿ, ಮಾರ್ಕೆಟ್ಟಿಗೇನ್ರಿ?" ಎಂದು ಕೇಳಿದರಂತೆ. "ಮಾರ್ಕೆಟ್ಟಿಗ್ಯಾಕ ಹೋಗ್ತಾವ? ಇವು ಪಿಎಚ್‌ಡಿ ಮಾಡಾಕ ಹೊಂಟಾವ" ಎಂದನಂತೆ ನಮ್ಮಪ್ಪ. ಇದನ್ನು ನನಗೆ ಗಾಡಿಯ ಡ್ರೈವರು ಹೇಳಿದ, ಹೇಳುತ್ತಾ ಹೇಳುತ್ತಾ ಅವನ ಕಣ್ಣಲ್ಲಿ ನೀರು ಬಂದಿತ್ತು, ನಕ್ಕು.

ಹೀಗೆ ಮೆರವಣಿಗೆಯಲ್ಲಿ ಬಂದ ಮೀನುಗಳು ಲ್ಯಾಬಿನ ಗಾಜಿನ ತೊಟ್ಟಿ ಸೇರಿ ಊಟ ಬಿಟ್ಟವು.

ಮೊದಲ ದಿನ ಯಾರಿಗೂ ಚಿಂತೆಯಾಗಲಿಲ್ಲ. ಹೊಸ ಜಾಗ, ಹೊಸ ನೀರು, ಗಾಬರಿಯಾಗಿರುತ್ತವೆ. ಮರುದಿನವೂ ಅಷ್ಟೇ. ಕಂಪನಿಯಿಂದ ತರಿಸಿದ ಒಳ್ಳೆಯ ಮೀನಿನ ಆಹಾರ, ಜೋಳದ ಕಾಳಿನಷ್ಟು ದಪ್ಪದ ಉಂಡೆಗಳು, ನೀರಿಗೆ ಹಾಕಿದರೆ ಮೇಲೆ ತೇಲುತ್ತಾ ನಿಲ್ಲುತ್ತಿದ್ದವು. ಮೀನು ಕೆಳಗೆ ಸುಮ್ಮನೆ ಈಜುತ್ತಿದ್ದವು. ಮೇಲೊಮ್ಮೆ ನೋಡುತ್ತಲೂ ಇರಲಿಲ್ಲ. ಉಂಡೆಗಳು ನೆಂದು ಉಬ್ಬಿ ತಳಕ್ಕೆ ಬಿದ್ದ ಮೇಲೆ ನಾನು ನಳಿಗೆ ಹಾಕಿ ಹೀರಿ ತೆಗೆಯುತ್ತಿದ್ದೆ. ನೀರಿನ ಉಷ್ಣತೆ ಬದಲಿಸಿದೆ, ಬೆಳಕು ಕಡಿಮೆ ಮಾಡಿದೆ, ತೊಟ್ಟಿಗೆ ಕಪ್ಪು ಬಟ್ಟೆ ಕಟ್ಟಿದೆ. ಊಹೂಂ. ಪಕ್ಕದ ಟೇಬಲ್ಲಿನ ಹುಡುಗಿಯ ತೊಟ್ಟಿಯಲ್ಲಿ ಹ್ಯಾಚರಿಯಿಂದ ಬಂದ ಮೀನುಗಳು ಉಂಡೆ ಬೀಳುವುದೇ ತಡ ಚಟಪಟ ಹಾರಿ ನುಂಗುತ್ತಿದ್ದವು. ಆ ಸದ್ದು ಕೇಳಿದರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಮುಚ್ಚುಮರೆ ಯಾಕೆ, ಚೆನ್ನಾಗಿಯೇ ಆಗುತ್ತಿತ್ತು.

ತಿನ್ನದ ಮೀನಿಗೆ ಹಸಿವಿನ ಹಾರ್ಮೋನು ಚುಚ್ಚಿ ಪ್ರಯೋಜನವಿಲ್ಲ. ಮೊದಲು ಅವು ತಮ್ಮ ಪಾಡಿಗೆ ತಾವು ತಿನ್ನಬೇಕು. ಆಮೇಲೆ ಅರ್ಧಕ್ಕೆ ಹಾರ್ಮೋನು, ಇನ್ನರ್ಧಕ್ಕೆ ಬರೀ ಉಪ್ಪುನೀರು ಚುಚ್ಚಿ, ಯಾರು ಹೆಚ್ಚು ತಿಂದರು ಅಂತ ನೋಡಬೇಕು. ಇದನ್ನು ಫೋನಿನಲ್ಲಿ ವಿವರಿಸಲು ಹೋದರೆ ಅಪ್ಪ ನನ್ನ ಮೇಲೇ ತಿರುಗಿಬಿದ್ದ.

"ಹಸಿವಿನ ಔಷಧ ಮಗ್ಗಲಾಗ ಇಟ್ಕಂಡು ಅವನ್ನ ಉಪವಾಸ ಕೆಡವೀಯಲ್ಲ! ಹಾಕಬಾರದೇನಲೇ ಒಂದೀಟು?"

"ಅದು ಔಷಧ ಅಲ್ಲಪ್ಪಾ. ಅದು ಪರೀಕ್ಷಾ ಮಾಡಾಕ ಇರೋದು."

"ಹೊಟ್ಟಿ ಹಸದೋರ ಮುಂದ ಪರೀಕ್ಷಾ ಏನ್ ಮಾಡ್ತೀ?" ಎಂದು ಫೋನಿಟ್ಟ.

ಎರಡು ದಿನ ಬಿಟ್ಟು ಅವ್ವ ಫೋನು ಮಾಡಿದಳು. ದನಿ ಸಣ್ಣಗೆ ಮಾಡಿಕೊಂಡಿದ್ದಳು. ಅಪ್ಪ ಪಕ್ಕದಲ್ಲೆಲ್ಲೋ ಇದ್ದಿರಬೇಕು.

"ನಿಮ್ಮಪ್ಪ ಉಣವಲ್ಲವಾ. ಬರೇ ಮಜ್ಜಿಗಿ ಕುಡಿತಾನ, ಚಾ ಕುಡಿತಾನ. ತಾಟು ಹಚ್ಚಿದ್ರ ದೂಡ್ತಾನ. ಹೊಂಡದಾಗಿನವು ಉಂಡಾವ, ಬಳ್ಳಾರಿಗಿ ಹೋದವು ಹಸದಾವ, ಅವೇನ್ ನಮ್ಮವಲ್ಲೇನು ಅಂತಾನ."

ಅಪ್ಪನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಗುಳಿಗೆ ನುಂಗಿ ಮೇಲೆ ಸರಿಯಾಗಿ ಉಣ್ಣದಿದ್ದರೆ ಕೈಕಾಲು ನಡುಗಿ ಬೆವರು ಕಿತ್ತುಬರುತ್ತದೆ. ಹಿಂದೊಮ್ಮೆ ಗದ್ದೆಯ ಬದುವಿನ ಮೇಲೆ ಹಾಗೇ ಕುಸಿದು ಕೂತಿದ್ದ. ಫೋನು ಕೊಡು ಎಂದೆ. ಬೈದೆ. ಚೆನ್ನಾಗಿ ಬೈದೆ. ಮೀನಿಗೆ ಬುದ್ಧಿ ಇಲ್ಲ, ನಿನಗಾದರೂ ಬೇಡವೇ ಎಂದೆ. ಅಪ್ಪ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದ: "ಅವು ಉಂಡ್ವಾ?"

ಅದೇ ದಿನ ಗೈಡ್ ಸರ್ ನನ್ನನ್ನು ಕರೆದು ಕೂರಿಸಿದರು. ಮೃದು ಮನುಷ್ಯ, ಕೆಟ್ಟ ಸುದ್ದಿ ಹೇಳುವ ಮೊದಲು ಕನ್ನಡಕ ಒರೆಸುತ್ತಾರೆ. ಅವತ್ತು ಬಹಳ ಹೊತ್ತು ಒರೆಸಿದರು. "ನೋಡಮ್ಮಾ, ಮೀನಿಗೆ ಏನೋ ರೋಗ ಇದ್ದಂಗೈತಿ. ಶನಿವಾರದ ತನಕ ನೋಡೋಣ. ಆಗಲಿಲ್ಲ ಅಂದ್ರ ಇವನ್ನ ಬಿಟ್ಟು ಹ್ಯಾಚರಿ ಮೀನು ತರಿಸೋಣ. ಅವು ಬಂದು ಒಗ್ಗಿಕೊಳ್ಳೋ ತನಕ ಕಾಯಾಕಾಗಲ್ಲ, ಆ ಶೀಶೆ ಪಕ್ಕದ ಟೇಬಲ್ಲಿಗೆ ಕೊಡಬೇಕಾಗ್ತೈತಿ, ಆಕಿ ಮೀನು ತಯಾರದಾವ" ಎಂದರು. ಶೀಶೆ ಹೋಗುತ್ತದೆ ಅನ್ನುವುದಕ್ಕಿಂತ ನನಗೆ ಅಪ್ಪನ ಮುಂದೆ ಈ ರೋಗದ ಮಾತು ಹೇಗೆ ಹೇಳಲಿ ಅನ್ನುವುದೇ ದೊಡ್ಡದಾಯಿತು. ಹೇಳದೆ ಇರಲೂ ಆಗಲಿಲ್ಲ. ಹೇಳಿದೆ.

"ನನ್ನ ಮೀನಿಗೆ ರೋಗಾನಾ? ನಾನೇ ಬರ್ತೀನಿ ತಡಿ" ಎಂದ.

ಶನಿವಾರ ಬೆಳಿಗ್ಗೆ ಹೊರಡುವ ಹೊತ್ತಿಗೆ ನಮ್ಮ ಅತ್ತೆ ಒಲೆಯ ಮುಂದಿನಿಂದ ಎದ್ದಿರಲೇ ಇಲ್ಲ. ಬೀಗರು ಊಟ ಬಿಟ್ಟಿದ್ದಾರೆ ಅನ್ನುವುದು ಅವರ ಕಿವಿಗೆ ಬಿದ್ದಿತ್ತು. ಜೋಳದ ರೊಟ್ಟಿ ಬಟ್ಟೆಯಲ್ಲಿ ಸುತ್ತಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರನ್ನ ಸ್ಟೀಲಿನ ಡಬ್ಬಿಗಳಿಗೆ ತುಂಬಿ ಕೊಟ್ಟರು. "ಇದನ್ನ ಮುಂದಿಟ್ಟು ನನ್ನ ಹೆಸರೇಳು. ಬೀಗತಿ ಮಾಡಿದ್ದು ವಾಪಸ್ ಬಂದ್ರ ನಾ ಇನ್ನ ಸಿರುಗುಪ್ಪದ ಕಡಿ ಕಾಲಿಡಂಗಿಲ್ಲ ಅನ್ನು" ಎಂದರು. ಅಷ್ಟು ಡಬ್ಬಿ ಹೊತ್ತುಕೊಂಡು ಬಸ್ಸು ಹತ್ತಿದರೆ ಕೊಳಗಲ್ಲಿನಲ್ಲಿ ಹತ್ತಿದ ಹೆಂಗಸರು ವಾಸನೆ ಹಿಡಿದು, ಎಲ್ಲಿ ಸೀಮಂತ ಎಂದು ಕೇಳಿದರು.

ಅಪ್ಪ ನನಗಿಂತ ಮೊದಲೇ ಬಂದು ಲ್ಯಾಬಿನ ಮೆಟ್ಟಿಲ ಮೇಲೆ ಕೂತಿದ್ದ. ಬಿಳಿ ಅಂಗಿ ಪಂಚೆ, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಅವನ ಚೀಲ. ಆ ಚೀಲದ ಬಗ್ಗೆ ಒಂದು ಮಾತು ಹೇಳಬೇಕು. ಗೊಬ್ಬರ ಬರುವ ಬಿಳಿ ಪ್ಲಾಸ್ಟಿಕ್ ಚೀಲ ಇದೆಯಲ್ಲ, ಅದನ್ನು ತೊಳೆದು ಕತ್ತರಿಸಿ, ಹಿಡಿಕೆ ಇಟ್ಟು ಅವ್ವ ಹೊಲಿದ ಕೈಚೀಲ ಅದು. ನಮ್ಮ ಕಡೆ ಮನೆಮನೆಯಲ್ಲೂ ಇರುತ್ತದೆ. ನಾನು ಮದುವೆಯಲ್ಲಿ ಅವನಿಗೊಂದು ಚಂದದ ಲೆದರ್ ಬ್ಯಾಗು ಕೊಡಿಸಿದ್ದೆ. ಅದರಲ್ಲಿ ಅವನು ಪಂಪ್‌ಸೆಟ್ಟಿನ ಸಾಮಾನು ಇಟ್ಟಿದ್ದಾನೆ.

ಅವನ ಮುಖ ನೋಡಿ ನನ್ನ ಕೋಪವೆಲ್ಲ ಇಳಿದುಹೋಯಿತು. ಕೆನ್ನೆ ಒಳಗೆ ಹೋಗಿತ್ತು. ಎದ್ದು ನಿಲ್ಲುವಾಗ ಗೋಡೆ ಹಿಡಿದ. ನನಗೆ ಭಯವಾಯಿತು. ಅಲ್ಲೇ ಮೆಟ್ಟಿಲ ಮೇಲೆ ಡಬ್ಬಿ ಬಿಚ್ಚಲು ಹೋದೆ. ಅವನು ಬಿಡಲಿಲ್ಲ. ಎಲ್ಲವನ್ನೂ ತೆಗೆದು ತನ್ನ ಚೀಲದೊಳಗೆ ಇಳಿಸಿಕೊಂಡು, "ಮೊದ್ಲು ಅವು ಎಲ್ಲದಾವ ತೋರ್ಸು" ಎಂದ.

ತೊಟ್ಟಿಯ ಮುಂದೆ ನಿಂತು ಅಪ್ಪ ಮೀನುಗಳ ಜೊತೆ ಮಾತಾಡಿದ. ನಾಚಿಕೆಯಿಲ್ಲದೆ, ಗೈಡ್ ಸರ್ ಎದುರಿಗೇ. "ಏನ್ರಲೇ, ನನ್ನ ಮಾನ ಕಳ್ಯಾಕ ಬಂದೀರೇನು ಇಲ್ಲಿ?" ಎಂದು ಬೈದ. ಆಮೇಲೆ, "ಉಣ್ರಪಾ, ಉಣ್ರಿ" ಎಂದು ರಮಿಸಿದ. ಉಂಡೆಯೊಂದನ್ನು ತೆಗೆದು ಮೂಸಿ, ನಾಲಿಗೆಗೆ ಇಟ್ಟು, "ಚಲೋನ ಐತಲ್ಲ" ಎಂದು ಹುಬ್ಬು ಗಂಟಿಕ್ಕಿದ. ತಾನೇ ಒಂದು ಹಿಡಿ ಹಾಕಿದ. ಅವು ಕ್ಯಾರೇ ಅನ್ನಲಿಲ್ಲ. ಅಪ್ಪನಿಗೂ ಏನೂ ತೋಚಲಿಲ್ಲ. "ರೋಗ ಇಲ್ರಿ ಸರ. ಬಣ್ಣ ನೋಡ್ರಿ, ರೆಕ್ಕಿ ನೋಡ್ರಿ. ಆದ್ರ ಯಾಕ ತಿನ್ನವಲ್ವು ನನಗೂ ಗೊತ್ತಾಗವಲ್ದು" ಎಂದು ಸೋತ ದನಿಯಲ್ಲಿ ಹೇಳಿದ. ಆ ದನಿ ನಾನು ಅವನ ಬಾಯಲ್ಲಿ ಕೇಳಿದ್ದು ಕಡಿಮೆ.

ಸರ್ ಅವನನ್ನು ಕುರ್ಚಿಗೆ ಕರೆದರು. "ಬರ್ರಿ ಯಜಮಾನ್ರ, ಕುಂದರ್ರಿ. ಚಾ ತರಸ್ತೀನಿ." ಅಪ್ಪ ಸುತ್ತ ನೋಡಿದ. ನೆಲವೆಲ್ಲ ಒದ್ದೆ. ಊಟವಿರುವ ಚೀಲವನ್ನು ಅವನು ಸತ್ತರೂ ನೆಲದ ಮೇಲಿಡುವವನಲ್ಲ. ನಮ್ಮ ಮನೆಯಲ್ಲಿ ಬುತ್ತಿ ಯಾವತ್ತೂ ಗೂಟಕ್ಕೆ, ಗದ್ದೆಗೆ ಹೋದರೆ ಗಿಡದ ಕೊಂಬೆಗೆ. ಟೇಬಲ್ಲಿನ ಮೇಲೆಲ್ಲ ಗಾಜಿನ ಸಾಮಾನು. ಕೊನೆಗೆ ತೊಟ್ಟಿಯ ಮೇಲೆ ಅಡ್ಡಲಾಗಿ ಹೋಗಿದ್ದ ಗಾಳಿಯ ಪೈಪಿನ ಕಂಬಿಗೆ ಚೀಲದ ಹಿಡಿಕೆ ಸಿಕ್ಕಿಸಿ ಬಂದು ಕೂತ. ಡಬ್ಬಿಗಳ ಭಾರಕ್ಕೆ ಚೀಲ ಮೆಲ್ಲಗೆ ಜಗ್ಗಿ, ತಳ ನೀರಿಗೆ ಮುಟ್ಟಿತು. ನಾವು ಯಾರೂ ಗಮನಿಸಲಿಲ್ಲ.

ಚಹಾ ಬಂತು. ಸರ್ ಮತ್ತೆ ಕನ್ನಡಕ ತೆಗೆದು ಒರೆಸಲು ಶುರು ಮಾಡಿದರು. ನನಗೆ ಅಳು ಬರುವುದರಲ್ಲಿತ್ತು.

ಮೊದಲು ಕಂಡಿದ್ದು ಯಾರಿಗೆ ಅನ್ನುವ ಬಗ್ಗೆ ನಮ್ಮ ಮೂವರಲ್ಲಿ ಇವತ್ತಿಗೂ ಜಗಳವಿದೆ. ನಾನೇ ಮೊದಲು ಕೂಗಿದ್ದು ಅಂತ ನಾನು. ಕನ್ನಡಕ ಹಾಕಿಕೊಂಡ ತಕ್ಷಣ ಕಂಡಿತ್ತು ಅಂತ ಸರ್. ಅಪ್ಪನಂತೂ ಚಹಾದ ಲೋಟ ಕೈಯಲ್ಲಿ ಹಿಡಿದೇ ಎದ್ದು ನಿಂತಿದ್ದ. ತೊಟ್ಟಿಯ ಮೀನುಗಳೆಲ್ಲ ಆ ಚೀಲದ ಕೆಳಗೆ ಸೇರಿದ್ದವು. ಸುತ್ತ ಮುತ್ತಿಕೊಂಡು, ಒಂದನ್ನೊಂದು ತಳ್ಳಿ, ಮೂತಿಯಿಂದ ಚೀಲದ ತಳವನ್ನು ತಿವಿಯುತ್ತಿದ್ದವು. ನಮ್ಮ ಅತ್ತೆಯ ಎಣ್ಣೆಗಾಯಿ ಡಬ್ಬಿ ಒಳಗೆ ಟಕ್ ಟಕ್ ಎಂದು ಸದ್ದು ಮಾಡುತ್ತಿತ್ತು.

"ಎಪ್ಪಾ, ಚೀಲ!" ಎಂದ ಅಪ್ಪ. "ಚೀಲ!" ಎಂದೆ ನಾನು. ಸರ್ ಮಾತ್ರ ನಮ್ಮಿಬ್ಬರ ಮುಖ ನೋಡುತ್ತಿದ್ದರು.

ಅವರಿಗೆ ಹೇಳಬೇಕಾಯಿತು. ಅಪ್ಪನ ಹೊಂಡದಲ್ಲಿ ಮೀನಿಗೆ ಯಾರೂ ಊಟ ಎರಚುವುದಿಲ್ಲ. ಗೊಬ್ಬರದ ಖಾಲಿ ಚೀಲಕ್ಕೆ ಅಲ್ಲಲ್ಲಿ ತೂತು ಮಾಡಿ, ತವುಡು ಮತ್ತು ಶೇಂಗಾ ಹಿಂಡಿ ತುಂಬಿ, ನೀರಿನಲ್ಲಿ ನೆಟ್ಟ ಬಿದಿರಿನ ಗಳಕ್ಕೆ ಕಟ್ಟುತ್ತಾರೆ. ಮೀನು ಬಂದು ಆ ತೂತಿಗೆ ಬಾಯಿಟ್ಟು ಎಳೆದೆಳೆದು ತಿನ್ನುತ್ತವೆ. ಎರಚಿದರೆ ಅರ್ಧ ಕೆಸರುಪಾಲು. ಆಂಧ್ರದವರಿಂದ ಕಲಿತದ್ದು ಇದೇ. ಹುಟ್ಟಿದಾಗಿನಿಂದ ನಮ್ಮ ಮೀನುಗಳಿಗೆ ಊಟ ಅಂದರೆ ಚೀಲ, ಚೀಲ ಅಂದರೆ ಊಟ. ನೀರಿನ ಮೇಲೆ ತೇಲುವ ಉಂಡೆ ಅವುಗಳ ಲೆಕ್ಕದಲ್ಲಿ ಕಸ.

"ಇದು ನಿಮಗ ಗೊತ್ತಿತ್ತಾ?" ಎಂದರು ಸರ್.

ಗೊತ್ತಿತ್ತು. ನನಗೂ ಗೊತ್ತಿತ್ತು, ಅಪ್ಪನಿಗಂತೂ ಕೈಗೇ ಗೊತ್ತಿತ್ತು. ಲ್ಯಾಬು ಅಂದ ಕೂಡಲೇ ಇಬ್ಬರ ತಲೆಯಿಂದಲೂ ಹಾರಿಹೋಗಿತ್ತು. ಇಲ್ಲಿನ ಊಟ ಬೇರೆ, ಇಲ್ಲಿನ ಪದ್ಧತಿ ಬೇರೆ ಅಂದುಕೊಂಡಿದ್ದೆವು. ಅದನ್ನು ಮೀನಿಗೆ ಯಾರೂ ಹೇಳಿರಲಿಲ್ಲ ಅಷ್ಟೇ. ಅಪ್ಪ ಕುರ್ಚಿಯಲ್ಲಿ ಧೊಪ್ಪನೆ ಕೂತು ನಗಲು ಶುರು ಮಾಡಿದ. "ಬೀಗರನ್ನ ಊಟಕ್ಕ ಕರದು ತಾಟು ಹಚ್ಚದಂಗ ಕುಂದ್ರಿಸಿದಂಗಾತಲ್ಲಲೇ" ಎಂದು ಟವೆಲ್ಲಿನಿಂದ ಕಣ್ಣು ಒರೆಸಿಕೊಂಡ. ನನಗೆ ನಗು ಬಂತು, ಜೊತೆಗೆ ತಡೆದಿಟ್ಟಿದ್ದ ಅಳುವೂ ಬಂತು. ಎರಡನ್ನೂ ಒಟ್ಟಿಗೆ ಮಾಡಿದೆ.

ಆಮೇಲಿನದೆಲ್ಲ ಮದುವೆ ಮನೆಯ ಗಡಿಬಿಡಿ. ಅಪ್ಪನ ಚೀಲವನ್ನೇ ಕತ್ತರಿಸಿ ಅಂಗೈಯಗಲದ ಪುಟ್ಟ ಪುಟ್ಟ ಚೀಲ ಹೊಲಿದೆವು. ನಾನು ಹೊಲಿದೆ, ಪಕ್ಕದ ಟೇಬಲ್ಲಿನ ಹುಡುಗಿ ಸೂಜಿಗೆ ದಾರ ಪೋಣಿಸಿದಳು, ಸರ್ ತಮ್ಮ ಕೈಯಾರೆ ತೂತು ಹಾಕಿದರು. ಅದೇ ಕಂಪನಿಯ ಉಂಡೆಯನ್ನು ಒರಳಿನಲ್ಲಿ ಅರೆದು ಪುಡಿ ಮಾಡಿ, ನೀರು ಚಿಮುಕಿಸಿ ತುಂಬಿದೆವು. ಚೀಲ ನೀರಿಗೆ ಇಳಿದದ್ದೇ ತಡ, ಮೀನುಗಳು ಮುಗಿಬಿದ್ದವು. ಆ ಎಳೆದಾಟ, ಆ ಬಾಲ ಬಡಿತ! ನೀರು ಹಾರಿ ಸರ್ ಕನ್ನಡಕ ಒದ್ದೆಯಾಯಿತು. ಅವರು ಒರೆಸಿಕೊಳ್ಳಲಿಲ್ಲ.

ಅಪ್ಪ ಅದನ್ನು ಕಣ್ತುಂಬ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ಡಬ್ಬಿ ಎಲ್ಲಿಟ್ಟಿ?" ಎಂದ.

ವರಾಂಡದಲ್ಲಿ ಪೇಪರು ಹಾಸಿ ಕೂತೆವು. ಬಟ್ಟೆಯಲ್ಲಿ ಸುತ್ತಿದ್ದ ರೊಟ್ಟಿಯಲ್ಲಿ ಕೆಳಗಿನವೆರಡು ತೊಟ್ಟಿಯ ನೀರು ಕುಡಿದು ಮೆತ್ತಗಾಗಿದ್ದವು. "ಇವನ್ನ ಮೀನಿಗರ ಹಾಕ್ತೀನಿ" ಎಂದು ಎದ್ದ ಅಪ್ಪನನ್ನು ಸರ್ ಹೌಹಾರಿ ತಡೆದು ಕೂರಿಸಿದರು. ಅಪ್ಪ ಉಂಡ. ಮೊದಲ ತುತ್ತಿಗೆ ಕಣ್ಣು ಮುಚ್ಚಿಕೊಂಡ. ಮೊಸರನ್ನದ ಡಬ್ಬಿಯ ಮೂಲೆಯನ್ನೂ ಬೆರಳಿನಿಂದ ಬಳಿದ. ಅವನ ಕೈಯ ನಡುಕ ನಿಧಾನಕ್ಕೆ ನಿಂತಿದ್ದನ್ನು ನಾನು ನೋಡುತ್ತಿದ್ದೆ. ನನ್ನ ಸಂಶೋಧನೆಯಲ್ಲಿ ಅಷ್ಟು ಗಮನವಿಟ್ಟು ನಾನು ಏನನ್ನೂ ನೋಡಿಲ್ಲ. ಅತ್ತೆಗೆ ಫೋನು ಮಾಡಿ, ಎಲ್ಲ ಖಾಲಿ ಎಂದೆ. "ಯಾರು ಉಂಡ್ರು, ನೀನಾ ಬೀಗರಾ? ಖರೇ ಹೇಳು" ಎಂದರು.

ಮೀನುಗಳು ಚೀಲಕ್ಕೆ ಬಾಯಿ ಹಾಕಿ ದಿನಾ ಒಂದೇ ಸಮ ತಿನ್ನಲು ಶುರು ಮಾಡಿದ ಮೇಲೆ ಅವನ್ನು ಸಣ್ಣ ಸಣ್ಣ ತೊಟ್ಟಿಗಳಿಗೆ ಹಂಚಿದೆವು. ಕೊನೆಗೂ ಶೀಶೆ ತೆರೆಯುವ ದಿನ ಬಂತು. ಬೆಳಿಗ್ಗೆ ಮನೆಯಲ್ಲಿ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ನನಗೆ! ಅತ್ತೆ ಹಣೆ ಮುಟ್ಟಿ ನೋಡಿದರು. ಲವಂಗದ ಎಣ್ಣೆಯ ನೀರಿನಲ್ಲಿ ಮೀನಿಗೆ ಸ್ವಲ್ಪ ಮಂಪರು ಬರಿಸಿ, ಹೊಟ್ಟೆಯ ಪಕ್ಕಕ್ಕೆ ಸೂಜಿ ಚುಚ್ಚಿದೆವು. ಯಾವ ತೊಟ್ಟಿಗೆ ಹಾರ್ಮೋನು, ಯಾವುದಕ್ಕೆ ಉಪ್ಪುನೀರು ಅನ್ನುವುದು ಸರ್ ಒಬ್ಬರಿಗೇ ಗೊತ್ತು. ನನಗೆ ಗೊತ್ತಾದರೆ ನನ್ನ ಕಣ್ಣೇ ನನಗೆ ಮೋಸ ಮಾಡೀತು ಅಂತ ಹಾಗೆ ಮಾಡುತ್ತಾರೆ. ಮೀನು ಎಚ್ಚರಾದ ಮೇಲೆ ಚೀಲ ಇಳಿಬಿಟ್ಟೆವು. ಹೊತ್ತಾದ ಮೇಲೆ ಚೀಲದಲ್ಲಿ ಉಳಿದದ್ದನ್ನು ತೆಗೆದು, ಒಣಗಿಸಿ, ತೂಗಿದೆವು. ಇದೇ ಕೆಲಸ ಕೆಲವು ದಿನ ಮಾಡಿದೆವು. ಪ್ರತಿ ಸಲವೂ ಕೆಲವು ತೊಟ್ಟಿಗಳ ಚೀಲ ಬೇಗ ಬರಿದಾಗುತ್ತಿತ್ತು. ಕೊನೆಯ ದಿನ ಸಂಜೆ ಸರ್ ಗುಟ್ಟು ಬಿಟ್ಟುಕೊಟ್ಟರು. ಬೇಗ ಬರಿದಾದವೆಲ್ಲ ಹಾರ್ಮೋನಿನ ತೊಟ್ಟಿಗಳು. ಬ್ಯಾಕ್ಟೀರಿಯಾ ಮಾಡಿದ ಹಸಿವು ನಮ್ಮ ಸಿರುಗುಪ್ಪದ ಮೀನಿಗೆ ನಾಟಿತ್ತು. ನಾನು ಅಲ್ಲೇ ಕುಣಿದೆ. ಪಕ್ಕದ ಟೇಬಲ್ಲಿನ ಹುಡುಗಿಯನ್ನೂ ಎಳೆದು ಕುಣಿಸಿದೆ.

ಅಪ್ಪನಿಗೆ ಫೋನು ಮಾಡಿದೆ. ಅವನು ಅಷ್ಟೂ ದಿನ ಸಂಜೆ ನನ್ನ ಫೋನಿಗೆ ಕಾಯುತ್ತಾ ಕೂರುತ್ತಿದ್ದನೆಂದು ಅವ್ವ ಹೇಳಿದ್ದಳು. ಹಿಂದಿನಿಂದ ಅವ್ವ ತಾಟು ಇಡುವ ಸದ್ದು ಕೇಳಿಸುತ್ತಿತ್ತು.

"ಅಪ್ಪಾ, ಪುಡಿ ಕೆಲಸ ಮಾಡ್ತು! ಹಾಕಿದವು ಜಾಸ್ತಿ ತಿಂದ್ವು."

"ಹಾಕದವು?"

"ಅವೂ ತಿಂದ್ವು. ಇವಕ್ಕಿಂತ ಸ್ವಲ್ಪ ಕಮ್ಮಿ."

"ಏನೂ ಹಾಕದನ ಹೊಟ್ಟಿ ತುಂಬ ಉಂಡ್ವಲ್ಲ, ಅವು ನೋಡು ನನ್ನ ಮೀನು" ಎಂದ. ನಾನು ಇಷ್ಟು ದಿನ ಬೆವರು ಸುರಿಸಿದ ಹಾರ್ಮೋನು ಅಲ್ಲಿಗೆ ಮುಗಿಯಿತು. ನಕ್ಕು ನಕ್ಕು ಗೋಡೆಗೆ ಒರಗಿದೆ.

"ಆತು ಬಿಡು, ಎಲ್ಲಾ ಉಂಡ್ವು. ಇನ್ನ ನೀ ಉಣ್ಣು" ಎಂದೆ.

"ನೀ ಉಂಡೀಯಾ?" ಎಂದ ಅಪ್ಪ.

ಅವತ್ತೂ ಬೆಳಗಿನಿಂದ ನೀರು ಬಿಟ್ಟು ಏನೂ ಬಾಯಿಗೆ ಹಾಕಿರಲಿಲ್ಲ. ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ. "ಇನ್ನೂ ಇಲ್ಲಪ್ಪಾ, ಈಗ ತಿಂತೀನಿ" ಎಂದೆ.

ಆ ಕಡೆ ತಾಟು ನೆಲದ ಮೇಲೆ ಸರಿದ ಸದ್ದಾಯಿತು. ಅವ್ವ ಫೋನು ಕಸಿದುಕೊಂಡಳು. "ದೂಡಿದ ನೋಡು ತಾಟು! ಲಗೂನ ಏನರ ತಿನ್ನು ನನ್ನವ್ವ. ಈ ಮನ್ಶ್ಯಾ ಮೀನು ಸಾಕಿದ ಮ್ಯಾಲೆ ಹಿಂಗಾಗ್ಯಾನ ಅಂತ ತಿಳದೀಯೇನು? ನೀ ಹಾಲುಗಲ್ಲದಾಕಿ ಇದ್ದಾಗ ಉಣ್ಣಾಕ ಹಟ ಮಾಡ್ತಿದ್ದಿ, ಆಗಿಂದ ಹಿಂಗ. ನೀ ತುತ್ತು ನುಂಗಾ ತನಕ ತಾನೂ ಬಾಯಿ ಬಿಗಿತಿದ್ದ. ನೀ ಹಾಸ್ಟೆಲಿಗಿ ಹೋದಿ, ಇವನ ಕೈಲೆ ಉಣ್ಣಾಕ ಯಾರೂ ಇರಲಿಲ್ಲ. ಅದಕ್ಕ ಹೊಂಡ ತೋಡಿಸಿದ."

ನನ್ನ ಚೀಲದಲ್ಲಿ ಮಧ್ಯಾಹ್ನದ್ದೆಂದು ಅತ್ತೆ ಕಟ್ಟಿಕೊಟ್ಟಿದ್ದ ಬುತ್ತಿ ಹಾಗೇ ಇತ್ತು. ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಬಿಚ್ಚಿದೆ. ಫೋನಿನ ಸ್ಪೀಕರ್ ಹಾಕಿ ಪಕ್ಕದಲ್ಲಿಟ್ಟುಕೊಂಡು ಒಂದು ರೊಟ್ಟಿ ಮುರಿದೆ. ಕಣ್ಣಲ್ಲಿ ನೀರು ತುಂಬಿ ಎಣ್ಣೆಗಾಯಿ ಎಲ್ಲಿದೆ ಅಂತ ಕಾಣಲಿಲ್ಲ. ತಡಕಾಡಿ ಅದ್ದಿಕೊಂಡು ಬಾಯಿಗೆ ಹಾಕಿದೆ.

"ಅಪ್ಪಾ, ತಿಂದೆ" ಎಂದೆ, ಬಾಯಲ್ಲಿ ತುತ್ತು ಇರುವಾಗಲೇ.

ಆ ಕಡೆ, ಸಿರುಗುಪ್ಪದಲ್ಲಿ, ಖಡಕ್ ರೊಟ್ಟಿ ಮುರಿದ ಸದ್ದು ಕೇಳಿಸಿತು.